ಗಾಳಿ ಮಲಗುವ ಹೊತ್ತು

ಪುಣೆ
೧೦ ನವೆಂಬರ್ ೧೯೯೮

ಅಪ್ಪಾಜಿಯವರಿಗೆ ಸುಷ್ಮಾ ಮಾಡುವ ನಮಸ್ಕಾರಗಳು.

ನನ್ನ ಕಾಗದಗಳು ತಲುಪುತ್ತಿವೆ ಎಂದು ಅವ್ವ ಬರೆದಿದ್ದಾಳೆ. ನೀವು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎರಡು ಸಲ ಓದುತ್ತೀರಂತೆ, ಉತ್ತರ ಬರೆಯುವ ಹೊತ್ತಿಗೆ ಮಾತ್ರ ಬೆರಣಿ ತಟ್ಟುವ ಕೆಲಸ ನೆನಪಾಗುತ್ತದಂತೆ. ಇರಲಿ, ಓದಿದರೆ ಸಾಕು.

ಇಲ್ಲಿ ಹವಾಮಾನ ಇಲಾಖೆಯ ತರಬೇತಿ ಚೆನ್ನಾಗಿ ನಡೆಯುತ್ತಿದೆ. ಬೆಳಗಿನ ಜಾವ ಎದ್ದು ಒಂದು ದೊಡ್ಡ ಬಲೂನನ್ನು ಆಕಾಶಕ್ಕೆ ಬಿಡುತ್ತೇವೆ. ಅದರ ಬಾಲಕ್ಕೆ ಸಣ್ಣ ಪೆಟ್ಟಿಗೆಯೊಂದನ್ನು ಕಟ್ಟಿರುತ್ತೇವೆ. ಏರುತ್ತಾ ಏರುತ್ತಾ ಅದು 'ಇಲ್ಲಿ ಇಷ್ಟು ಚಳಿ, ಇಲ್ಲಿ ಇಷ್ಟು ತೇವ' ಎಂದು ರೇಡಿಯೋದಲ್ಲಿ ವರದಿ ಒಪ್ಪಿಸುತ್ತಾ ಹೋಗುತ್ತದೆ. ನಾನು ಕೆಳಗೆ ಕೂತು ಬರೆದುಕೊಳ್ಳುತ್ತೇನೆ. 'ಗೂಡು ಬಿಟ್ಟು ಗಾಳಿ ಹಿಂದೆ ಹೋದ್ಲು' ಎಂದು ನೀವು ಅವ್ವನ ಹತ್ತಿರ ಹೇಳಿದಿರಂತೆ. ಸುಳ್ಳಲ್ಲ ಬಿಡಿ.

ಜನವರಿಯಲ್ಲಿ ನಾನು ಊರು ಬಿಟ್ಟ ಬೆಳಗ್ಗೆ ನಮ್ಮ ವಿಭೂತಿಯ ಗೂಡಿಗೆ ಬೆಂಕಿ ಇಡುವ ದಿನವಾಗಿತ್ತು. ರೈಲು ಹೊರಡುವ ಹೊತ್ತಿಗೇ ನಿಮ್ಮ ಬೆಂಕಿಯ ಹೊತ್ತೂ ಬಂದಿತ್ತು. ಆಟೋ ನಮ್ಮ ಕಣದ ಪಕ್ಕ ತಿರುಗುವಾಗ ಹೊರಗೆ ತಲೆ ಹಾಕಿ ನೋಡಿದೆ. ಎಲ್ಲ ಬೆಳ್ಳಗಿತ್ತು. ಮಂಜು ಯಾವುದು, ಹೊಗೆ ಯಾವುದು, ನೀವು ಎಲ್ಲಿ ನಿಂತಿದ್ದೀರಿ, ಒಂದೂ ತಿಳಿಯಲಿಲ್ಲ. ಆದರೂ ಕೈ ಬೀಸಿದೆ.

ಅವ್ವನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ಅವಳ ಅಕ್ಷರ ಯಾಕೋ ಇಳಿಜಾರಾಗಿತ್ತು.

ನಿಮ್ಮ ಮಗಳು,
ಸುಷ್ಮಾ

*

ದಟ್ಟಗಳ್ಳಿ, ಮೈಸೂರು
೨೬ ನವೆಂಬರ್ ೧೯೯೮

ಕೂಸು ಸುಷ್ಮಾಳಿಗೆ ಅಪ್ಪ ಗುರುಮಲ್ಲಪ್ಪ ಮಾಡುವ ಆಶೀರ್ವಾದ.

ನಾನು ಕಾಗದ ಬರೆಯುವವನಲ್ಲ. ಇವತ್ತು ಬರೆಯುವಂಥ ಸುದ್ದಿ ಇದೆ, ಬರೆಯುತ್ತಿದ್ದೇನೆ.

ನಮ್ಮ ಕಣದ ಸುತ್ತ ಮನೆಗಳು ಎದ್ದಿರುವುದನ್ನು ನೀನೇ ನೋಡಿದ್ದೀಯ. ನಿಮ್ಮ ತಾತ ಇಲ್ಲಿ ವಿಭೂತಿ ಸುಡುವಾಗ ಲಿಂಗಾಂಬುಧಿ ಕೆರೆಯವರೆಗೆ ರಾಗಿ ಹೊಲ ಬಿಟ್ಟರೆ ಬೇರೇನಿರಲಿಲ್ಲ. ಈಗ ರಾಮಕೃಷ್ಣನಗರ ಬೆಳೆದು ಬೆಳೆದು ನಮ್ಮ ಬೇಲಿಗೆ ಬೆನ್ನು ಕೊಟ್ಟು ಕೂತಿದೆ. ಹೊಸ ಮನೆಯವರಲ್ಲಿ ಷಡಕ್ಷರಿ ಅಂತ ಒಬ್ಬರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತಿಯಾದವರು. ಜನ್ಮವೆಲ್ಲ ಬೇರೆಯವರ ಅರ್ಜಿ ಓದಿದ ಮನುಷ್ಯ, ಈಗ ತಾವೇ ಬರೆಯುವ ಚಪಲ. ನಮ್ಮ ಗೂಡಿನ ಹೊಗೆಯಿಂದ ಬಡಾವಣೆಗೆ ಬೆಳಗಾಗುವುದಿಲ್ಲ ಎಂದು ನಗರಪಾಲಿಕೆಗೆ ಅರ್ಜಿ ಕೊಟ್ಟಿದ್ದಾರೆ. ಆರೋಗ್ಯದ ಇನ್‌ಸ್ಪೆಕ್ಟರು ಬಂದು, ಇನ್ನೊಂದು ಸಲ ದೂರು ಬಂದರೆ ಗೂಡು ಮುಚ್ಚಿಸುತ್ತೇನೆ ಎಂದು ಹೇಳಿ ಹೋದರು.

ಅವರ ಹಿಂದೆಯೇ ಷಡಕ್ಷರಿಯವರೂ ಬಂದಿದ್ದರು. ಹಣೆ ತುಂಬ ಮೂರು ಬೆರಳಿನ ವಿಭೂತಿ. ನಿಮ್ಮವ್ವ ಸುಮ್ಮನಿರುತ್ತಾಳಾ? 'ಹೊಗೆ ಬ್ಯಾಡ, ಬೂದಿ ಮಾತ್ರ ಬೇಕಾ ಸ್ವಾಮಿ? ಮಠದಂಗಡೀಲಿ ನೀವು ತಗೊಳ್ಳೋ ಗಟ್ಟಿ ಈ ಗೂಡಿಂದೇ' ಎಂದಳು. ಅವರು ಹಣೆ ಮುಟ್ಟಿ ನೋಡಿಕೊಂಡು ಹೋದರು.

ಆದರೂ ನೆರೆಹೊರೆ. ನಾನು ಯೋಚನೆ ಮಾಡಿದೆ. ಅವರಿಗೆ ತೊಂದರೆ ಆಗುವುದು ಎದ್ದ ಮೇಲೆ ತಾನೆ? ಇನ್ನು ಮುಂದೆ ಕೋಳಿ ಕೂಗುವುದಕ್ಕೂ ಮೊದಲೇ ಬೆಂಕಿ ಇಟ್ಟುಬಿಡುತ್ತೇನೆ. ಅವರು ಹಲ್ಲುಜ್ಜುವಷ್ಟರಲ್ಲಿ ಹೊಗೆ ಕೈಲಾಸ ಸೇರಿರುತ್ತದೆ. ಶಿವರಾತ್ರಿಗೆ ಮಠಕ್ಕೆ ಎಂದಿನಂತೆ ವಿಭೂತಿ ಹೋಗಲೇಬೇಕು. ಮೂರು ತಲೆಮಾರಿನಿಂದ ತಪ್ಪಿಲ್ಲ.

ನಿಮ್ಮವ್ವ ಕ್ಷೇಮ.

ಅಪ್ಪ

*

ದಟ್ಟಗಳ್ಳಿ
೧೨ ಡಿಸೆಂಬರ್ ೧೯೯೮

ನನ್ನ ಕಂದ ಸುಷ್ಮಾಗೆ,

ನಿಮ್ಮಪ್ಪಾಜಿ ಕೆರೆ ಕಡೆ ಹೋಗಿದ್ದಾರೆ, ಬರುವುದರೊಳಗೆ ಬರೆದು ಮುಗಿಸುತ್ತೇನೆ.

ಹೋದ ಸೋಮವಾರ ಅವರು ಹೇಳಿದ ಹಾಗೇ ಬಲು ಬೇಗ ಎದ್ದು ಬೆಂಕಿ ಇಟ್ಟರು. ಬಡಾವಣೆಯವರಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ಖುಷಿಯಲ್ಲಿದ್ದರು. ಬೆಳಗಾಯಿತು, ಕಣೇ, ಬೆಳಕಾಗಲಿಲ್ಲ. ಇಡೀ ಊರನ್ನು ಹಿಟ್ಟಿನ ಮೂಟೆಯೊಳಗೆ ತುಂಬಿ ಬಾಯಿ ಕಟ್ಟಿದ ಹಾಗಿತ್ತು. ನಾನು ಚಾಚಿದ ಕೈ ನನಗೇ ಕಾಣದು. ಕಣ್ಣೆಲ್ಲ ಉರಿ. ಹಾಲಿನ ಸಣ್ಣಮಾದಯ್ಯ ಸೈಕಲ್ ಮೇಲೆ ಬರುತ್ತಿದ್ದ, ಷಡಕ್ಷರಿಯವರು ಸ್ಕೂಟರ್ ಮೇಲೆ ಎದುರು ಬಂದರು. ಇಬ್ಬರೂ ಬೆಲ್ಲು, ಹಾರನ್ನು ಹೊಡೆದುಕೊಂಡೇ ಹೋಗಿ ಒಬ್ಬರ ಮೇಲೊಬ್ಬರು ಬಿದ್ದರಂತೆ. ಕೈಕಾಲು ಮುರಿಯಲಿಲ್ಲ, ದೇವರು ದೊಡ್ಡವನು. ಹಾಲೆಲ್ಲ ಮೋರಿಗೆ.

ಇನ್ನೊಂದು ವಿಷಯ. ನನಗೆ ಆವತ್ತು ಉಸಿರು ಸಿಕ್ಕಿಕೊಂಡುಬಿಟ್ಟಿತು. ಪಕ್ಕದ ಮನೆ ಭಾಗ್ಯಮ್ಮ ಆಟೋದಲ್ಲಿ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಮೂಗಿಗೆ ಗೊಟ್ಟ ಇಟ್ಟು ಔಷಧದ ಹಬೆ ಕೊಟ್ಟರು. ಈಗ ಪರವಾಗಿಲ್ಲ. ಡಾಕ್ಟರು 'ಎಷ್ಟು ವರ್ಷದಿಂದ ಹೊಗೇಲಿ ಇದ್ದೀರಮ್ಮ' ಅಂದರು. ನಾನು ಮದುವೆಯಾದಾಗಿನಿಂದ ಅಂದೆ. ಹಿಂದೆಯೇ ಬಂದಿದ್ದ ನಿಮ್ಮಪ್ಪಾಜಿ ಪಕ್ಕದಲ್ಲೇ ನಿಂತಿದ್ದರು. ಮನೆಗೆ ಬಂದ ಮೇಲೆ ಎರಡು ದಿನ ಕಥೆ ಹೇಳದೆ ಊಟ ಮಾಡಿದರು. ಹಾಗೆ ಊಟ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನವರಿಯಲ್ಲಿ ಬಡಾವಣೆಯವರು ಗಣಪತಿ ದೇವಸ್ಥಾನದಲ್ಲಿ ಸಭೆ ಸೇರುತ್ತಾರಂತೆ. ಇನ್‌ಸ್ಪೆಕ್ಟರೂ ಬರುತ್ತಾರೆ. ಆವತ್ತು ಗೂಡಿನ ಹಣೆಬರಹ ತೀರ್ಮಾನ. ನಿನಗೆ ಗಾಳಿ ವಿಷಯ ಗೊತ್ತಲ್ಲ, ಏನಾದರೂ ದಾರಿ ಇದ್ದರೆ ಬರಿ. ನನ್ನ ಉಸಿರಿನ ವಿಷಯ ನಾನು ಬರೆದೆ ಅಂತ ಮಾತ್ರ ಬರೆಯಬೇಡ.

ನಿನ್ನವ್ವ,
ಬಸಮ್ಮ

*

ಪುಣೆ
೧೮ ಡಿಸೆಂಬರ್ ೧೯೯೮

ಅಪ್ಪಾಜಿಯವರಿಗೆ ನಮಸ್ಕಾರಗಳು.

ಸಣ್ಣಮಾದಯ್ಯ ಮತ್ತು ಷಡಕ್ಷರಿಯವರ ಕಥೆ ಕೇಳಿದೆ. ಆ ಬೆಳಗ್ಗೆ ನಮ್ಮೂರಿನಲ್ಲಿ ಕವಿದದ್ದಕ್ಕೆ ಇಲ್ಲಿ ಒಂದು ಹೆಸರಿದೆ. ಹೊಗೆಮಂಜು. ಅದು ಹೇಗೆ ಹುಟ್ಟುತ್ತದೆ ಎಂದು ಹೇಳುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ಸಾಮಾನ್ಯವಾಗಿ ನೆಲದ ಹತ್ತಿರ ಗಾಳಿ ಬೆಚ್ಚಗಿರುತ್ತದೆ, ಮೇಲೆ ಹೋದಷ್ಟೂ ತಣ್ಣಗಾಗುತ್ತದೆ. ಬೆಚ್ಚನೆಯದು ಹಗುರ, ಹಾಗಾಗಿ ಹೊಗೆ ಏರುತ್ತದೆ. ಚಳಿಗಾಲದ ರಾತ್ರಿ ಆಕಾಶ ತಿಳಿಯಾಗಿದ್ದಾಗ ಇದು ತಲೆಕೆಳಗಾಗುತ್ತದೆ. ನೆಲ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದನ್ನು ಮುಟ್ಟಿಕೊಂಡಿರುವ ಗಾಳಿಯೂ ತಣ್ಣಗಾಗುತ್ತದೆ. ಮೇಲಿನ ಗಾಳಿ ಮಾತ್ರ ಬೆಚ್ಚಗೇ ಉಳಿಯುತ್ತದೆ. ಇಡ್ಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಅದು ಊರಿನ ಮೇಲೆ ಕೂರುತ್ತದೆ. ನಾನಿದನ್ನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ಹೋದ ವಾರ ನನ್ನ ಬಲೂನು ತೆಂಗಿನಮರ ದಾಟಿ ಮೇಲೇರುತ್ತಿದ್ದಂತೆ ಚಳಿ ಹೆಚ್ಚುವ ಬದಲು ಸೆಕೆ ಹೆಚ್ಚಾಯಿತು ಎಂದು ಪೆಟ್ಟಿಗೆ ಹೇಳಿತು.

ಆ ಮುಚ್ಚಳದ ಕೆಳಗೆ ಕೆರೆಯ ತೇವ ಮಂಜಾಗುತ್ತದೆ. ಮಂಜಿನ ಹನಿ ಕೂರುವುದಕ್ಕೆ ಒಂದು ಕಣ ಬೇಕು. ಹೊಗೆಯ ಒಂದೊಂದು ಕಣವೂ ಒಂದೊಂದು ಹನಿಗೆ ಮಣೆ ಹಾಕಿಕೊಡುತ್ತದೆ. ಹೊಗೆ ಹೆಚ್ಚಾದಷ್ಟೂ ಮಂಜು ದಟ್ಟ. ಬೆರಣಿಯ ಹೊಗೆ ಮಾತ್ರವಲ್ಲ ಅಪ್ಪಾಜಿ, ಬಡಾವಣೆಯವರು ಬೆಳಗ್ಗೆ ಮೂಲೆ ಮೂಲೆಯಲ್ಲಿ ಸುಡುವ ಎಲೆ, ಪ್ಲಾಸ್ಟಿಕ್ಕು, ಲಾರಿ, ಆಟೋಗಳ ಹೊಗೆ, ಮೇಟಗಳ್ಳಿಯ ಕಾರ್ಖಾನೆ ಚಿಮಣಿಗಳದ್ದು, ಎಲ್ಲ ಅದೇ ಪಾತ್ರೆಯಲ್ಲಿ. ಉಸಿರಾಡಿದರೆ ಹನಿಯೂ ಮಸಿಯೂ ಒಟ್ಟಿಗೆ ಎದೆಗಿಳಿಯುತ್ತವೆ. ದೊಡ್ಡ ಪಟ್ಟಣಗಳಲ್ಲಿ ಇನ್ನೊಂದು ಜಾತಿಯದೂ ಇದೆ. ಅದಕ್ಕೆ ಮಂಜೇ ಬೇಡ. ವಾಹನಗಳ ಹೊಗೆ ಬಿಸಿಲಿನಲ್ಲಿ ಬೆಂದು ಕಂದುಬಣ್ಣದ ಮುಸುಕಾಗುತ್ತದೆ, ಮಧ್ಯಾಹ್ನ ಕಣ್ಣು ಉರಿಸುತ್ತದೆ. ನಮ್ಮೂರಿನದು ಸದ್ಯಕ್ಕೆ ಚಳಿಯ ಜಾತಿಯದು.

ನಿಮ್ಮ ಉಪಾಯ ಎಲ್ಲಿ ತಪ್ಪಿತು ಎಂದು ಈಗ ಗೊತ್ತಾಗಿರಬೇಕು. ನೀವು ಬೇಗ ಬೆಂಕಿ ಇಟ್ಟಷ್ಟೂ ಮುಚ್ಚಳದ ಕೆಳಗೆ ಹೊಗೆ ಹೆಚ್ಚು ಹೊತ್ತು ಕೂಡಿಕೊಂಡಿತು. ಹಿಂದಕ್ಕಲ್ಲ, ಮುಂದಕ್ಕೆ ಹೋಗಬೇಕು. ಬಿಸಿಲೇರಿದ ಮೇಲೆ ಬೆಂಕಿ ಇಡಿ. ಬೆರಣಿಯ ಮೇಲಿನ ಇಬ್ಬನಿಯೂ ಆರಿರುತ್ತದೆ, ಹೊಗೆಯೇ ಕಡಿಮೆ. ಗೂಡು ಹೆಚ್ಚು ಹೊಗೆ ಬಿಡುವುದು ಮೊದಲ ಕೆಲವು ಗಂಟೆ ಮಾತ್ರ ಎಂದು ನೀವೇ ಹೇಳುತ್ತಿದ್ದಿರಿ. ಸಂಜೆಯ ಹೊತ್ತಿಗೆ ಒಳಗೆ ಬರೀ ಕೆಂಡವಿರುತ್ತದೆ.

ಅವ್ವನಿಗೆ ಬೆಚ್ಚಗಿರಲು ಹೇಳಿ.

ಸುಷ್ಮಾ

*

ದಟ್ಟಗಳ್ಳಿ
೨೮ ಡಿಸೆಂಬರ್ ೧೯೯೮

ಸುಷ್ಮಾಳಿಗೆ,

ನಿನ್ನ ಕಾಗದ ಬಂತು. ಇಡ್ಲಿ ಪಾತ್ರೆ ನಿಮ್ಮವ್ವನಿಗೆ ಅರ್ಥವಾಯಿತು, ನನಗೂ ಆಯಿತು.

ಆದರೆ ನಿಮ್ಮ ತಾತ ಬೆಳಗಿನ ಜಾವವನ್ನು ಸುಮ್ಮನೆ ಆರಿಸಿಕೊಂಡಿದ್ದಲ್ಲ. 'ಗಾಳಿ ಮಲಗಿದ್ರೆ ಬೂದಿ ಹಾಲು, ಗಾಳಿ ಎದ್ರೆ ಬೂದಿ ಮಣ್ಣು' ಎನ್ನುತ್ತಿದ್ದರು. ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ. ರಸ್ತೆಯ ಕೆಮ್ಮಣ್ಣು ತಂದು ಗೂಡಿನೊಳಗೆ ತುಂಬುತ್ತದೆ. ಎಷ್ಟು ಜರಡಿ ಹಿಡಿದರೂ, ಎಷ್ಟು ನೀರಿನಲ್ಲಿ ತೇಲಿಸಿದರೂ ಆ ಕೆಂಪು ಹೋಗುವುದಿಲ್ಲ. ನಮ್ಮ ವಿಭೂತಿಗೆ ಇರುವ ಹೆಸರು ಬಿಳುಪೊಂದೇ. ಶಿವರಾತ್ರಿಯ ದಿನ ಮಠದ ಬುದ್ದಿಯವರ ಕೈಗೆ ಇಟ್ಟಿಗೆ ಬಣ್ಣದ ಬೂದಿ ಕೊಡುವುದಕ್ಕಿಂತ ಗೂಡು ಮುಚ್ಚುವುದೇ ಮೇಲು.

ನೀನು ಆಕಾಶದ ವಿಷಯ ಹೇಳಿದೆ. ನಾನು ನೆಲದ ವಿಷಯ ಹೇಳಿದೆ. ಇಬ್ಬರ ಮಾತೂ ಸರಿ. ಏನು ಮಾಡುವುದು?

ನಿಮ್ಮವ್ವ ರಾತ್ರಿ ಕೂತುಕೊಂಡೇ ಮಲಗುತ್ತಾಳೆ.

ಅಪ್ಪ

ಮರೆತಿದ್ದೆ. ಆ ಮುಚ್ಚಳ ತೆರೆಯಿತು ಎಂದು ಬಲೂನು ಇಲ್ಲದವರಿಗೆ ಹೇಗೆ ಗೊತ್ತಾಗುತ್ತದೆ?

*

ಪುಣೆ
೩ ಜನವರಿ ೧೯೯೯

ಅಪ್ಪಾಜಿಯವರಿಗೆ ನಮಸ್ಕಾರಗಳು.

ಒಂದು ಹಿಡಿ ಒದ್ದೆ ಹುಲ್ಲಿಗೆ ಬೆಂಕಿ ಹಚ್ಚಿ ಅದರ ಹೊಗೆಯನ್ನು ನೋಡಿ. ಸ್ವಲ್ಪ ಏರಿ, ಮಂಚದ ಮೇಲೆ ಮಲಗಿದ ಹಾಗೆ ಅಡ್ಡಡ್ಡ ಹರಡಿದರೆ ಮುಚ್ಚಳ ಹಾಕಿದೆ. ನೆಟ್ಟಗೆ ಏರಿ ಕಣ್ಣಿಗೆ ಕಾಣದ ಹಾಗೆ ಕರಗಿದರೆ ತೆರೆದಿದೆ. ಇದಕ್ಕೆ ನೀವು ಪುಣೆಗೆ ಬರಬೇಕಿಲ್ಲ.

ಇನ್ನು ಮಣ್ಣಿನ ವಿಷಯ. ಗಾಳಿ ಎದ್ದೇ ಏಳುತ್ತದೆ. ಅದು ಎದ್ದಿದ್ದರಿಂದಲೇ ಮುಚ್ಚಳ ಒಡೆಯುವುದು. ಅದನ್ನು ಮಲಗಿಸುವ ಉಪಾಯ ನೀವೇ ಹುಡುಕಬೇಕು ಅಪ್ಪಾಜಿ. ಗೂಡು ನಿಮ್ಮದು.

ಸುಷ್ಮಾ

*

ದಟ್ಟಗಳ್ಳಿ
೨೪ ಜನವರಿ ೧೯೯೯

ನನ್ನ ಕೂಸೇ,

ಕೂತುಕೊಂಡು ಓದು. ಇದು ಉದ್ದದ ಕಾಗದ.

ನೀನು ಹೇಳಿದ ಹಾಗೆ ದಿನಾ ಹುಲ್ಲು ಸುಟ್ಟು ನೋಡಿದೆ. ಬೆಳಗಿನ ಜಾವದ ಹೊಗೆ ಬೇಲಿಯೆತ್ತರ ಏರಿ, ಸೋಮಾರಿ ಅಳಿಯನ ಹಾಗೆ ಕಾಲು ಚಾಚಿ ಮಲಗಿಬಿಡುತ್ತಿತ್ತು. ಎಂಟಕ್ಕೂ ಮಲಗಿತ್ತು, ಒಂಬತ್ತಕ್ಕೆ ಮಗ್ಗುಲು ಬದಲಿಸಿತು. ಹನ್ನೊಂದರ ಹೊತ್ತಿಗೆ ಎದ್ದು ನೆಟ್ಟಗೆ ನಡೆಯಿತು. ನಿಮ್ಮವ್ವನನ್ನು ಕರೆದು ತೋರಿಸಿದೆ. ಇಬ್ಬರೂ ತಲೆಯೆತ್ತಿಕೊಂಡು ನಿಂತಿದ್ದನ್ನು ನೋಡಿ ಭಾಗ್ಯಮ್ಮ, ವಿಮಾನ ಬಂತೇನೋ ಎಂದು ಅವಳೂ ಹೊರಗೆ ಬಂದು ನೋಡಿದಳು.

ಆಮೇಲೆ ದೇವಸ್ಥಾನದ ಸಭೆ. ಬಡಾವಣೆಯೆಲ್ಲ ಸೇರಿತ್ತು. ಷಡಕ್ಷರಿಯವರು ಅರ್ಜಿ ಓದಿದರು. ಅರ್ಜಿ ಚೆನ್ನಾಗಿತ್ತು, ಸುಳ್ಳೂ ಇರಲಿಲ್ಲ. ಆಮೇಲೆ ಇನ್‌ಸ್ಪೆಕ್ಟರು 'ನೀವೇನಂತೀರಿ ಗುರುಮಲ್ಲಪ್ಪನೋರೇ' ಎಂದರು. ನನಗೆ ನಿನ್ನ ಹಾಗೆ ಹೇಳಲು ಬರುತ್ತದೆಯೇ? ನನಗೆ ಬರುವ ಹಾಗೆ ಹೇಳಿದೆ.

ಒಂದೂರಲ್ಲಿ ಮಂಜಮ್ಮ, ಹೊಗೆಯಮ್ಮ ಅಂತ ಇಬ್ಬರು ಗೆಳತಿಯರು. ಮಂಜಮ್ಮ ಕೆರೆಯ ಮಗಳು, ಸಾಧು. ರಾತ್ರಿ ಬಂದು ಹುಲ್ಲಿನ ಮೇಲೆ ಮಲಗುತ್ತಿದ್ದಳು, ಬಿಸಿಲು ಬಂದರೆ ಎದ್ದು ಹೋಗುತ್ತಿದ್ದಳು. ಹೊಗೆಯಮ್ಮ ಬೆಂಕಿಯ ಮಗಳು. ಅವಳು ಸೇರಬೇಕಾದ ಮನೆ ಆಕಾಶ. ಹುಟ್ಟಿದ ಗಳಿಗೆಯಿಂದ ಅಲ್ಲಿಗೆ ಓಡುವುದೇ ಅವಳ ಆಸೆ. ಅವಳ ಅಪ್ಪನಿಗೆ ಬುದ್ಧಿ ಸಾಲದು. ಚಳಿಗಾಲದ ಜಾವದಲ್ಲೇ ಅವಳನ್ನು ಮನೆಯಿಂದ ಹೊರಡಿಸಿದ. ಆ ಹೊತ್ತಿನಲ್ಲಿ ಆಕಾಶದ ಬಾಗಿಲು ಹಾಕಿತ್ತು, ಬೆಚ್ಚನೆಯ ಗಾಳಿಯೊಂದು ಬಾಗಿಲಿಗೆ ಅಡ್ಡ ಮಲಗಿತ್ತು. ಹೊಗೆಯಮ್ಮ ಬಡಿದಳು, ಕೂಗಿದಳು, ತೆರೆಯಲಿಲ್ಲ. ಚಳಿಗೆ ನಡುಗುತ್ತಾ ಕೆಳಗೆ ಬಂದು ಮಂಜಮ್ಮನ ಕಂಬಳಿಯೊಳಗೆ ತೂರಿಕೊಂಡಳು. ಇಬ್ಬರೂ ಒಂದಾದ ಮೇಲೆ ಮಂಜಮ್ಮನಿಗೆ ಏಳಲು ಆಗದು, ಹೊಗೆಯಮ್ಮನಿಗೆ ಹೋಗಲು ಆಗದು. ಊರವರ ಕಣ್ಣಿಗೂ ಎದೆಗೂ ಇಳಿದರು. ಊರವರು ಹೊಗೆಯಮ್ಮನನ್ನು ಬೈದರು. ಅವಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊರಡಿಸಿದವನನ್ನು ಯಾರೂ ಕೇಳಲಿಲ್ಲ.

'ಆ ಅಪ್ಪ ನಾನೇ ಕಣ್ರಪ್ಪ' ಎಂದೆ. 'ಆದ್ರೆ ನಾನೊಬ್ನೇ ಅಲ್ಲ. ಬೆಳಗಾನೆ ಎದ್ದು ಎಲೆ ಗುಡಿಸಿ ಬೆಂಕಿ ಹಾಕೋರೆಲ್ಲ ಒಂದೊಂದು ಹೊಗೆಯಮ್ಮನ್ನ ಹೊರಡಿಸ್ತೀರಿ.' ಸಭೆಯಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಭಾಗ್ಯಮ್ಮನ ಗಂಡ ದೇವರ ಕಡೆ ನೋಡಿದ.

ಷಡಕ್ಷರಿಯವರು ಅಷ್ಟು ಸುಲಭಕ್ಕೆ ಕರಗುವವರಲ್ಲ. 'ಕಥೆ ಚೆನ್ನಾಗದೆ ಸ್ವಾಮಿ, ಗೂಡಿನ ಗತಿ ಏನು?' ಎಂದರು. ಸೋಮವಾರ ಹನ್ನೊಂದಕ್ಕೆ ಎಲ್ಲರೂ ಕಣಕ್ಕೆ ಬನ್ನಿ, ಹೊಗೆ ನಿಮ್ಮ ಮನೆ ಕಡೆ ಮಲಗಿದರೆ ನಾನೇ ಗೂಡಿಗೆ ನೀರು ಹೊಯ್ಯುತ್ತೇನೆ ಎಂದೆ. ಹೇಳಿಬಿಟ್ಟೆ.

ಇನ್ನು ಮಣ್ಣಿನ ಚಿಂತೆ. ಗಾಳಿಯನ್ನು ಮಲಗಿಸಲು ಆಗದಿದ್ದರೆ ಗೂಡಿಗೆ ಕೋಣೆ ಕಟ್ಟಬೇಕು ಎಂದು ನಿಮ್ಮವ್ವ ಹೇಳಿದಳು. ಸುತ್ತ ಎದೆಯೆತ್ತರ ಮಣ್ಣಿನ ಗೋಡೆ ಎಬ್ಬಿಸಿದೆ, ಅದರ ಮೇಲೆ ಬಿದಿರಿನ ತಡಿಕೆ ನಿಲ್ಲಿಸಿ ಒಳಗಡೆ ಗೋಣಿಚೀಲ ಹೊಲಿದೆ. ಬಾಯಿ ಮಾತ್ರ ಆಕಾಶಕ್ಕೆ ತೆರೆದದ್ದು. ರಸ್ತೆಗೆಲ್ಲ ನೀರು ಚಿಮುಕಿಸಿದೆ.

ಸೋಮವಾರ ಬೆಳಗ್ಗೆ ಅಭ್ಯಾಸದಂತೆ ಜಾವಕ್ಕೇ ಎಚ್ಚರವಾಯಿತು. ಮಾಡಲು ಕೆಲಸವಿಲ್ಲ. ಎದ್ದು ಸುಮ್ಮನೆ ಕೂತಿದ್ದೆ. ಮಂಜು ಮಂಜಾಗಿಯೇ ಇತ್ತು, ಹಾಲಿನ ಬಣ್ಣ, ಹುಲ್ಲಿನ ವಾಸನೆ. ಎಷ್ಟೋ ವರ್ಷದಿಂದ ನೋಡಿಯೇ ಇರಲಿಲ್ಲ.

ಹನ್ನೊಂದಕ್ಕೆ ಎಲ್ಲರೂ ಬಂದರು. ಷಡಕ್ಷರಿಯವರು ಬಿಸಿಲಿಗೆ ಕೊಡೆ ಹಿಡಿದು, ನನ್ನ ನೀರಿನ ಕೊಳಗದ ಪಕ್ಕದಲ್ಲೇ ನಿಂತರು. ಬೆಂಕಿ ಇಡುವ ದಿನ ಬಾಗಿಲು ಕಿಟಕಿ ಮುಚ್ಚಿಕೊಂಡು ಒಳಗೆ ಕೂರುವ ನಿಮ್ಮವ್ವ, ಬೇಡವೆಂದರೂ ಜಗಲಿಯ ಮೇಲೆ ಬಂದು ಕೂತಳು. ಶಿವನನ್ನು ನೆನೆದು ಬೆಂಕಿ ಇಟ್ಟೆ.

ಹೊಗೆ ತಡಿಕೆ ದಾಟಿತು. ದಿನಾ ಅದು ಮಲಗುವ ಎತ್ತರಕ್ಕೆ ಬಂತು. ಅಲ್ಲಿ ಅದು ಕ್ಷಣ ನಿಂತ ಹಾಗಾಯಿತು, ನಿನ್ನಾಣೆ. ಆಮೇಲೆ ಹೋಯಿತು ನೋಡು. ತೆಂಗಿನ ಗರಿ ದಾಟಿತು, ನೀರಿನ ಟ್ಯಾಂಕು ದಾಟಿತು, ಹದ್ದುಗಳು ಸುತ್ತುವ ಕಡೆ ಹೋಗಿ ಕರಗಿತು. ಇಡೀ ಬಡಾವಣೆ ಬಾಯಿ ತೆರೆದು ಆಕಾಶ ನೋಡುತ್ತಿತ್ತು. ಇನ್‌ಸ್ಪೆಕ್ಟರ ಟೋಪಿ ಹಿಂದಕ್ಕೆ ಬಿತ್ತು, ಅವರಿಗೆ ಅದೂ ತಿಳಿಯಲಿಲ್ಲ.

ಅಷ್ಟರಲ್ಲಿ ಎದ್ದಿತು ಗಾಳಿ. ಪಡುವಲಿಂದ ಒಂದೇ ಸಲ ನುಗ್ಗಿ ಒಂದು ಕಡೆಯ ತಡಿಕೆ ಕಟ್ಟನ್ನು ಬಿಚ್ಚಿಹಾಕಿತು. ನಾನು ಇನ್ನೊಂದು ಪಕ್ಕದಲ್ಲಿದ್ದೆ. ಕೂಗಿದೆ. ಹತ್ತಿರವಿದ್ದವರು ಷಡಕ್ಷರಿಯವರೊಬ್ಬರೇ. ಕೊಡೆ ಬಿಸಾಡಿ, ತಡಿಕೆಗೆ ಬೆನ್ನು ಕೊಟ್ಟು ನಿಂತರು. 'ಬಿಗಿಯಾಗಿ ಹಿಡ್ಕೊಳ್ಳಿ, ಇದು ಅರ್ಜಿ ಅಲ್ಲ' ಎಂದೆ. 'ಹಿಡ್ಕೊಂಡಿದ್ದೀನಿ ಕಣ್ರೀ, ನೀವು ಬೇಗ ಹಗ್ಗ ತನ್ನಿ, ಪಂಚೆ ಎಲ್ಲ ಬೂದಿ ಆಯ್ತದೆ' ಎಂದರು. ಜಗಲಿಯಿಂದ ನಿಮ್ಮವ್ವ, 'ಅಂಗಡೀಲಿ ಕೊಳ್ಳೋದು ತಪ್ಪಿತು ಬುಡಿ' ಎಂದು ನಕ್ಕಳು.

ನಕ್ಕಳು ಸುಷ್ಮಾ. ನಕ್ಕ ಮೇಲೆ ಕೆಮ್ಮಲಿಲ್ಲ.

ಗೂಡು ಇನ್ನೂ ಬಿಸಿಯಿದೆ, ಬಿಚ್ಚಿಲ್ಲ. ಒಳಗೆ ಹಾಲಿದೆಯೋ ಮಣ್ಣಿದೆಯೋ ಶಿವನೇ ಬಲ್ಲ. ಇನ್‌ಸ್ಪೆಕ್ಟರು ಗೂಡು ನಡೆಯಬಹುದು ಎಂದು ಬರೆದುಕೊಟ್ಟಿದ್ದಾರೆ, ಬಿಸಿಲೇರಿದ ಮೇಲೆ ಮಾತ್ರ ಎಂಬ ಷರತ್ತು ಹಾಕಿ.

ಅಪ್ಪ

*

ಪುಣೆ
೫ ಫೆಬ್ರವರಿ ೧೯೯೯

ಅಪ್ಪಾಜಿ,

ನಿಮ್ಮ ಕಾಗದವನ್ನು ಹಾಸ್ಟೆಲ್ಲಿನ ಗೆಳತಿಯರಿಗೆಲ್ಲ ಹಿಂದಿಯಲ್ಲಿ ಹೇಳಿದೆ. ಷಡಕ್ಷರಿಯವರು ಕೊಡೆ ಬಿಸಾಡಿದ ಕಡೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗೆಯಮ್ಮನ ಕಥೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ. ನಾನೊಬ್ಬಳೇ ಓದಿಕೊಂಡೆ.

ಬೂದಿಯ ಬಣ್ಣ ಏನಾಯಿತು? ಅದೊಂದೇ ಯೋಚನೆ.

ನನಗೆ ರಜೆ ಸಿಕ್ಕಿದೆ. ಮಾರ್ಚ್ ಒಂದನೇ ತಾರೀಖು, ಸೋಮವಾರ ಬೆಳಗಾಗುವ ಹೊತ್ತಿಗೆ ಬೆಂಗಳೂರಿನ ಪ್ಯಾಸೆಂಜರಿನಲ್ಲಿ ಮೈಸೂರಿಗೆ ಬರುತ್ತೇನೆ. ಸೋಮವಾರ ಗೂಡಿಗೆ ಬೆಂಕಿ ಇಡುವ ದಿನ ಎಂದು ಗೊತ್ತು. ನೀವು ಸ್ಟೇಷನ್ನಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ. ಆಟೋದಲ್ಲಿ ಬರುತ್ತೇನೆ.

ಸುಷ್ಮಾ

*

ದಟ್ಟಗಳ್ಳಿ
೧೮ ಫೆಬ್ರವರಿ ೧೯೯೯

ನನ್ನ ಕೂಸೇ,

ಶಿವರಾತ್ರಿ ಆಯಿತು. ಗೂಡು ಬಿಚ್ಚಿದ ದಿನ ನಿಮ್ಮವ್ವನೇ ಮೊದಲು ಕೈ ಹಾಕಿದಳು. ಬೂದಿ ಬೆಳದಿಂಗಳ ಹಾಗಿತ್ತು. ಇಬ್ಬನಿ ಆರಿದ ಬೆರಣಿ ಚೆನ್ನಾಗಿ ಬೆಂದಿತ್ತು, ಒಂದು ಕರಿ ಚೂರೂ ಉಳಿದಿರಲಿಲ್ಲ. ನಿಮ್ಮ ತಾತನ ಕಾಲದ ಒಂದು ಗಟ್ಟಿಯನ್ನು ದೇವರ ಗೂಡಿನಲ್ಲಿಟ್ಟಿದ್ದೆನಲ್ಲ, ಪಕ್ಕದಲ್ಲಿಟ್ಟು ನೋಡಿದೆ. ನಮ್ಮದೇ ಬಿಳಿ. ತಾತ ಇದ್ದಿದ್ದರೆ ಸ್ವಲ್ಪ ಹೊತ್ತು ಮುನಿಸಿಕೊಂಡು, ಆಮೇಲೆ ಹಣೆಗೆ ಹಚ್ಚಿಕೊಳ್ಳುತ್ತಿದ್ದರು.

ಮಠದ ಬುದ್ದಿಯವರು ಗಟ್ಟಿಯನ್ನು ಅಂಗೈಯಲ್ಲಿಟ್ಟು ನೋಡಿ, ಈ ಸಲ ಏನು ವಿಶೇಷ ಗುರುಮಲ್ಲಪ್ಪ ಎಂದು ಕೇಳಿದರು. 'ನನ್ನ ಮಗಳು ಹೊತ್ತು ಹೇಳಿಕೊಟ್ಟಳು ಬುದ್ದಿ' ಎಂದೆ. ಪಕ್ಕದಲ್ಲೇ ಇದ್ದ ಷಡಕ್ಷರಿಯವರು, ತಡಿಕೆ ಹಿಡಿದದ್ದು ತಾವು ಎಂದು ಸೇರಿಸಿದರು. ಬಡಾವಣೆಯಲ್ಲಿ ಬೆಳಗ್ಗೆ ಎಲೆ ಸುಡುವವರ ಮೇಲೆ ಈಗ ಅವರದೇ ಕಾವಲು. ಎಲೆಯನ್ನೆಲ್ಲ ಗುಂಡಿಗೆ ಹಾಕಿಸಿ ಗೊಬ್ಬರ ಮಾಡಿಸುತ್ತಿದ್ದಾರೆ.

ನಿಮ್ಮವ್ವ ಈಗ ಹಾಸಿಗೆಯ ಮೇಲೆ ಉದ್ದಕ್ಕೆ ಮಲಗುತ್ತಾಳೆ.

ನೀನು ಸ್ಟೇಷನ್ನಿಗೆ ಬರಬೇಡಿ ಎಂದು ಬರೆದಿದ್ದೀಯ. ನಿನ್ನ ರೈಲು ಬರುವುದು ಬೆಳಗ್ಗೆ. ನನ್ನ ಬೆಂಕಿ ಹನ್ನೊಂದಕ್ಕೆ. ಬೆಳಗಿನ ಹೊತ್ತು ನನಗೆ ಈಗ ಬಿಡುವಿದೆ. ಪ್ಲಾಟ್‌ಫಾರಂ ಮೇಲೆ ನಿಂತಿರುತ್ತೇನೆ. ಈ ಸಲ ಬಿಳಿಯೆಲ್ಲ ಹಣೆಯ ಮೇಲಿರುತ್ತದೆ, ನಾನು ಎಲ್ಲಿದ್ದೇನೆ ಎಂದು ನೀನು ಹುಡುಕಬೇಕಾಗಿಲ್ಲ.

ಆವತ್ತು ಆಟೋದಿಂದ ನೀನು ಕೈ ಬೀಸಿದ್ದು ನನಗೆ ಕಂಡಿತ್ತು.

ಮನೆಗೆ ಬಂದು ಮುಖ ತೊಳೆದು ನಾಷ್ಟಾ ಮಾಡು. ಗೂಡು ಒಟ್ಟಿಟ್ಟಿರುತ್ತೇನೆ. ಬೆಂಕಿ ನೀನೇ ಇಡು.

ಅಪ್ಪ